ಬ್ರಿಜೆಟ್‌ಳ ಹೊಲ

ಹೋದ ಭಾನುವಾರ ಪಕ್ಕದ ಮನೆಯ ಐಲೀನ್ ನಮ್ಮ ಬಾಗಿಲು ತಟ್ಟಿದರು. ಐರ್ಲೆಂಡಿಗೆ ಹೋಗಿ ಹಿಂದಿನ ದಿನವಷ್ಟೇ ವಾಪಸ್ಸಾಗಿದ್ದರು. ಒಳಗೆ ಬರಲಿಲ್ಲ. ನಾವು ಚಪ್ಪಲಿ ಬಿಡುವ ಜಾಗದಲ್ಲೇ ನಿಂತು ಕೇಳಿದರು:

"ಮೂರ್ತಿ, ನಿಮಗೆ ಗೊತ್ತಿತ್ತು ಅಲ್ವಾ?"

ಗೊತ್ತಿತ್ತು.

ಅಡುಗೆಮನೆಯಿಂದ ನನ್ನ ಹೆಂಡತಿ ಶಾರದೆ ಕೂಗಿದಳು, "ಐಲೀನಮ್ಮಾ, ಕಮ್ ಇನ್, ಕಾಫಿ ರೆಡಿ!"

"ನಾಟ್ ಟುಡೇ, ಹನಿ" ಎಂದರು ಐಲೀನ್. ಕಣ್ಣು ಮಾತ್ರ ನನ್ನ ಮೇಲೇ ಇತ್ತು.

ಈ ಅಂಕಣ ಓದುವ ನಿಮಗೆ ಮೊದಲಿಂದ ಹೇಳಬೇಕು. ನಾನು ಓದಿದ್ದು ಎಸ್ಸೆಸ್ಸೆಲ್ಸಿ. (ಹೌದು, ನ್ಯೂಜೆರ್ಸಿಯ ಇಷ್ಟೊಂದು ಡಾಕ್ಟರು, ಇಂಜಿನಿಯರುಗಳ ನಡುವೆ ಅಂಥವನೂ ಒಬ್ಬನಿದ್ದಾನೆ.) ಮಾರಿಸ್‌ಟೌನಿನಲ್ಲಿ ಟೈಟಲ್ ಸರ್ಚ್ ಮಾಡುವ ಒಂದು ಸಣ್ಣ ಆಫೀಸಿನಲ್ಲಿ ರಿಟೈರ್ ಆಗುವ ತನಕ ಕೆಲಸ ಮಾಡಿದೆ. ನೀವು ಇಲ್ಲಿ ಮನೆ ಕೊಳ್ಳುತ್ತೀರಲ್ಲ, ಆಗ ಆ ಜಾಗ ಮೊದಲು ಯಾರದ್ದಾಗಿತ್ತು, ಅವರಿಗೆ ಯಾರಿಂದ ಬಂತು ಎಂದು ಹಳೆಯ ಪತ್ರಗಳನ್ನು ಹುಡುಕಿ ಹೇಳಬೇಕು. ಅದೇ ನನ್ನ ಕೆಲಸ.

ಐಲೀನ್ ಸ್ಕೂಲ್ ಬಸ್ ಓಡಿಸಿ ರಿಟೈರ್ ಆದವರು. ಗಂಡ ತೀರಿಹೋದ ಮೇಲೆ ಅವರಿಗೆ ವಂಶದ ಹುಚ್ಚು ಹಿಡಿಯಿತು. ಐರ್ಲೆಂಡಿನಲ್ಲಿ ಮುತ್ತಜ್ಜ ಮೈಕಲ್‌ನನ್ನು ಇಂಗ್ಲಿಷ್ ಜಮೀನ್ದಾರ ಹೊಲದಿಂದ ಒಕ್ಕಲೆಬ್ಬಿಸಿದ, ಮನೆಯ ಸೂರು ಕಿತ್ತು ಹಾಕಿಸಿದ, ಆತ ಉಟ್ಟ ಬಟ್ಟೆಯಲ್ಲೇ ಹಡಗು ಹತ್ತಿದ. ಇದು ಅವರ ಮನೆಯ ಕತೆ. ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ನಮ್ಮನ್ನೂ ಕರೆಯುತ್ತಿದ್ದರು. ನಾವು ಹಿಸುಕಿದ ಆಲೂಗಡ್ಡೆ ತಿನ್ನುತ್ತಾ ಕೂತಿದ್ದರೆ, ಅವರ ತಮ್ಮ ಟಾಮ್ ಈ ಕತೆ ಹೇಳಿ ಕಣ್ಣು ಒರೆಸಿಕೊಳ್ಳುತ್ತಿದ್ದ.

ಮೈಕಲ್‌ನ ಊರಿನ ಹಳೆಯ ಜನಗಣತಿ ಉಳಿದಿಲ್ಲವಂತೆ. ಇನ್ನು ಜಮೀನಿನ ದಾಖಲೆಯೇ ಗತಿ. ಕಳೆದ ಚಳಿಗಾಲ ಐಲೀನ್ ಅದರ ಸ್ಕ್ಯಾನ್ ತರಿಸಿಕೊಂಡು, ಲ್ಯಾಪ್‌ಟಾಪ್ ಹಿಡಿದು ನಮ್ಮ ಮನೆಗೆ ಬಂದರು. "ಈ ಕೈಬರಹ ನನಗೆ ಅರ್ಥ ಆಗ್ತಿಲ್ಲ. ಇದು ನಿಮ್ಮ ಲೈನ್ ಅಲ್ವಾ, ಮೂರ್ತಿ?"

ನನ್ನ ಲೈನೇ. ತೆರಿಗೆ ಹಾಕಲು ಸರ್ಕಾರ ಊರೂರು ಅಳೆಸಿ ಬರೆಸಿದ ಪುಸ್ತಕ. ಪ್ರತಿ ಹೊಲಕ್ಕೊಂದು ಸಾಲು. ಉಳುವವನ ಹೆಸರು, ಪಕ್ಕದಲ್ಲಿ ಜಮೀನ್ದಾರನ ಹೆಸರು, ಮನೆ ಉಂಟೋ ಇಲ್ಲವೋ, ಹೊಲ ಎಷ್ಟು. ಉಳುವವನು ಬದಲಾದರೆ ಹಳೆಯ ಹೆಸರಿಗೆ ಗೀಟು, ಮೇಲೆ ಹೊಸ ಹೆಸರು. ಒಂದೊಂದು ವರ್ಷದ ತಿದ್ದುಪಡಿಗೆ ಒಂದೊಂದು ಬಣ್ಣದ ಶಾಯಿ. ನಮ್ಮ ಪಹಣಿ ನೋಡಿದವರಿಗೆ ಇದು ಹೊಸದೇನಲ್ಲ.

ಮೈಕಲ್‌ನ ಸಾಲು ಸಿಕ್ಕಿತು. ಪಕ್ಕದ ಹೊಲ ಬ್ರಿಜೆಟ್ ಎಂಬ ವಿಧವೆಯದು. ಅವಳ ಹೆಸರಿಗೆ ಗೀಟು ಬಿದ್ದಿತ್ತು. ಮೇಲೆ ನೀಲಿ ಶಾಯಿಯಲ್ಲಿ ಜಮೀನ್ದಾರನ ಹೆಸರು. ಮನೆಯ ಕಾಲಮ್ಮಿನಲ್ಲಿ 'ಕೆಡವಲಾಗಿದೆ'. ಆಮೇಲೆ ಜಮೀನ್ದಾರನ ಹೆಸರಿಗೂ ಗೀಟು, ಅದರ ಮೇಲೆ ಕೆಂಪು ಶಾಯಿಯಲ್ಲಿ: ಮೈಕಲ್.

ಅಂದರೆ ಒಕ್ಕಲೆಬ್ಬಿಸಿದ್ದು ಬ್ರಿಜೆಟ್‌ಳನ್ನು. ಸೂರು ಕಿತ್ತದ್ದು ಅವಳದ್ದು. ಆ ಹೊಲವನ್ನು ಜಮೀನ್ದಾರನಿಂದ ಹಿಡಿದುಕೊಂಡವನು ಮೈಕಲ್.

ಮೈಕಲ್‌ನ ಹೆಸರಿಗೂ ಬಹಳ ವರ್ಷದ ಮೇಲೆ ಒಂದು ಗೀಟು ಬಿದ್ದಿತ್ತು. ಆದರೆ ಅವನ ಮನೆ ನೆಟ್ಟಗೆ ನಿಂತಿತ್ತು. ಹೊಲ ಜಮೀನ್ದಾರನ ಕೈಗೆ ಹೋಗದೆ ನೇರವಾಗಿ ಇನ್ನೊಬ್ಬನಿಗೆ ದಾಟಿತ್ತು. ಇಂಥ ಸಾಲು ನಾನು ಬೇಕಾದಷ್ಟು ನೋಡಿದ್ದೇನೆ. ಕೈ ಬದಲಾಯಿಸಿ, ದುಡ್ಡು ಎಣಿಸಿಕೊಂಡು ಹೊರಟವನು.

ಐಲೀನ್ ಆ ಕೊನೆಯ ಗೀಟಿನ ಮೇಲೆ ಬೆರಳಿಟ್ಟರು. "ಇಲ್ಲೇ ಅಲ್ವಾ, ಅವನನ್ನ ಹೊರಗೆ ಹಾಕಿದ್ದು?"

"ಹಾಗೇ ಕಾಣುತ್ತೆ" ಎಂದೆ.

ಎರಡೇ ಪದ. ಅವರು ನನ್ನ ಕೈ ಹಿಡಿದು ಅತ್ತರು.

ಬೇಸಿಗೆಯಲ್ಲಿ ಅವರು ಒಂದು ಹಿತ್ತಾಳೆ ಫಲಕ ಮಾಡಿಸಿದರು. 'ಮೈಕಲ್‌ನ ನೆನಪಿಗೆ. ಅನ್ಯಾಯವಾಗಿ ಈ ನೆಲ ಬಿಡಬೇಕಾಯಿತು.' ಆ ಊರಿನ ಚರ್ಚಿನ ಗೋಡೆಗೆ ಹಾಕಿಸುವ ಯೋಚನೆ. ಹೊರಡುವ ಮುಂಚೆ ನಮ್ಮ ಊಟದ ಮೇಜಿನ ಮೇಲಿಟ್ಟು ಕೇಳಿದರು, "ಓಕೆ ನಾ? ತಪ್ಪಿದ್ರೆ ಈಗಲೇ ಹೇಳಿ."

ದೇವರು ಅವರ ಬಾಯಿಂದ ಎರಡನೇ ಸಲವೂ ಕೇಳಿಸಿದ. ನಾನು "ಚೆನ್ನಾಗಿದೆ" ಎಂದೆ.

ಯಾಕೆ ಹಾಗೆಂದೆ? ಮುದುಕಿಗೆ ನೋವಾಗದಿರಲಿ ಎಂದು ಸುಳ್ಳು ಹೇಳಿದೆ ಅಂದುಕೊಳ್ಳುತ್ತೀರಾ? ಅಷ್ಟು ಒಳ್ಳೆಯವನಲ್ಲ ನಾನು.

ಇದೇ ಅಂಕಣದಲ್ಲಿ ಹಿಂದೊಮ್ಮೆ ನಮ್ಮ ಹೊಲದ ಬಗ್ಗೆ ಬರೆದಿದ್ದೆ, ನೆನಪಿದೆಯಾ? 'ಉಳುವವನೇ ಹೊಲದೊಡೆಯ' ಕಾನೂನು ಬಂದು ನಮ್ಮಪ್ಪನ ಜಮೀನು ಹೋಯಿತು, ಬರಿಗೈಲಿ ಈ ದೇಶಕ್ಕೆ ಬಂದೆವು ಎಂದು. ಬಹಳ ಜನ ಮೆಚ್ಚಿದಿರಿ. ಬ್ರಿಡ್ಜ್‌ವಾಟರ್ ದೇವಸ್ಥಾನದ ಕ್ಯಾಂಟೀನಿನಲ್ಲಿ ಧಾರವಾಡದ ಹಿರಿಯ ಡಾಕ್ಟರೊಬ್ಬರು ಇಡ್ಲಿ ತಟ್ಟೆ ಪಕ್ಕಕ್ಕಿಟ್ಟು ನನ್ನ ಭುಜ ಹಿಡಿದುಕೊಂಡರು. "ನಮ್ದೂ ಇದ ಕಥಿ ನೋಡ್ರಿ ಮೂರ್ತಿಯವರ. ಎಲ್ಲಾ ಹೋತು."

ಅವರದ್ದು ಹೋಗಿರಬಹುದು. ನಮ್ಮದು ಹೋಗಲಿಲ್ಲ.

ಆ ಹೊಲವನ್ನು ಗೇಣಿಗೆ ಉಳುತ್ತಿದ್ದವನು ಕೆಂಪಯ್ಯ. ಅವನಪ್ಪನೂ ಉತ್ತಿದ್ದ. ಗೇಣಿ ಭತ್ತ ನಮ್ಮ ಅಂಗಳಕ್ಕೆ ಬಂದು ಬೀಳುತ್ತಿತ್ತು, ರಸೀದಿ ಮಾತ್ರ ನಾವು ಕೊಟ್ಟದ್ದಿಲ್ಲ. ಕಾನೂನು ಬಂದಾಗ ಕೆಂಪಯ್ಯ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದ. ಅಪ್ಪ ನನ್ನನ್ನು ಕರೆದು, "ನಿನ್ನ ಅಕ್ಷರ ದುಂಡಗಿದೆ, ನೀನೇ ಬರಿ" ಎಂದರು. ನಾನು ಬರೆದೆ. ಈ ಜಮೀನಿನಲ್ಲಿ ಗೇಣಿದಾರರು ಯಾರೂ ಇಲ್ಲ, ನಾವೇ ಸಾಗುವಳಿ ಮಾಡುತ್ತಿದ್ದೇವೆ, ಕೆಂಪಯ್ಯ ನಮ್ಮಲ್ಲಿ ಕೂಲಿಗೆ ಬರುತ್ತಿದ್ದವನು. ಬರೆದದ್ದಷ್ಟೇ ಅಲ್ಲ, ಮಂಡಳಿಯ ಮುಂದೆ ನಿಂತು ಹೌದೆಂದೆ.

ಹೊರಗೆ ಕೆಂಪಯ್ಯ ಟವೆಲ್ಲು ಕಂಕುಳಲ್ಲಿಟ್ಟುಕೊಂಡು ನಿಂತಿದ್ದ. ಬೈಯಲಿಲ್ಲ. "ಚಿಕ್ಕಯ್ನೋರೆ, ನೀವಾದ್ರೂ ಯೇಳಿ. ನಾನು ಕೂಲಿಗ್ ಬತ್ತಿದ್ದೋನಾ?" ಎಂದ.

ನಾನು ಬಸ್ಸು ಬಂತೆಂದು ಓಡಿದೆ. ಬಸ್ಸು ಬಂದಿರಲಿಲ್ಲ.

ಹೊಲ ನಮಗೆ ಉಳಿಯಿತು. ಆಮೇಲೆ ಅದನ್ನು ಮಾರಿದ ದುಡ್ಡಿನಲ್ಲಿ ಅಣ್ಣ ಓದಿ ಅಮೆರಿಕಕ್ಕೆ ಬಂದ. ಅಣ್ಣನ ಸ್ಪಾನ್ಸರ್ ಮೇಲೆ ನಾನು ಬಂದೆ. ಇಲ್ಲಿ ಬಂದ ಮೇಲೆ, ಯಾವಾಗ ಎಂದು ಗೊತ್ತಿಲ್ಲ, ನಾವೇ ಜಮೀನು ಕಳೆದುಕೊಂಡವರಾಗಿಬಿಟ್ಟೆವು. ಮಕ್ಕಳಿಗೂ ಹಾಗೇ ಹೇಳಿದೆವು. "ಸೋ ಅನ್‌ಫೇರ್, ಡ್ಯಾಡ್" ಎಂದಳು ಮಗಳು. ಹೇಳಿ ಹೇಳಿ ನನಗೂ ನಿಜವೆನ್ನಿಸತೊಡಗಿತ್ತು. ಆ ಕೆಂಪು ಶಾಯಿ ಕಾಣುವವರೆಗೆ.

ಮೈಕಲ್‌ನನ್ನು ನಾನು ಹೇಗೆ ಬಿಟ್ಟುಕೊಡಲಿ?

ಮತ್ತೆ ಬಾಗಿಲಿಗೆ ಬರುತ್ತೇನೆ. ಐಲೀನ್ ನಿಂತಲ್ಲೇ ಹೇಳಿದರು. ಟಾಮ್‌ನ ಜೊತೆ ಆ ಊರಿಗೆ ಹೋದರಂತೆ. ಹೊಲ ಹುಡುಕಿ, ಬೇಲಿಯ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ಪಕ್ಕದ ಹೊಲದ ಮುದುಕನೊಬ್ಬ ಬಂದ. ಇವರು ಖುಷಿಯಿಂದ ಮೈಕಲ್‌ನ ಹೆಸರು ಹೇಳಿ ಕೈ ಚಾಚಿದರು. ಅವನು ಕೈ ಕೊಡಲಿಲ್ಲ.

"'ಓ, ಅವನ ಕಡೆಯವರಾ. ನೀವು ನಿಂತಿರೋದು ಬ್ರಿಜೆಟ್ ಹೊಲದಲ್ಲಿ' ಅಂದ. ಅಷ್ಟೇ ಅಂದು ಹೋಗಿಬಿಟ್ಟ, ಮೂರ್ತಿ. ಅವರಿಗೆ ಇವತ್ತಿಗೂ ಅದು ಬ್ರಿಜೆಟ್ ಹೊಲ. ರಾತ್ರಿ ಆ ಸ್ಕ್ಯಾನ್ ತೆಗೆದು ನೋಡಿದೆ, ಹೆಸರು ಗೊತ್ತಾದ ಮೇಲೆ ಆ ಸಾಲು ನನಗೂ ಓದೋಕೆ ಬಂತು."

"ಟಾಮ್?"

"ವಾಪಸ್ ಬರೋವಾಗ ಪ್ಲೇನಲ್ಲಿ ಒಂದು ಮಾತೂ ಆಡ್ಲಿಲ್ಲ. ಫಲಕ ನನ್ನ ಗ್ಯಾರೇಜಲ್ಲಿದೆ." ಆಮೇಲೆ ಕೇಳಿದರು, "ನೀವು ಒಂದು ಮಾತು ಹೇಳಿದ್ರೆ ನಾನು ಅಲ್ಲಿ ಹೋಗಿ ಹಾಗೆ ಕೈ ಚಾಚ್ತಿದ್ನಾ? ಯಾಕೆ ಹೇಳ್ಲಿಲ್ಲ?"

ಕೆಂಪಯ್ಯನ ಹೆಸರು ಬಾಯಿಯ ತನಕ ಬಂತು. "ಸಾರಿ" ಎಂದೆ. ಅವರು ಮೆಟ್ಟಿಲಿಳಿದು ಹೋದರು.

"ಏನ್ರೀ, ಕಾಫಿನೂ ಕುಡೀದೆ ಹೋದ್ರು? ಏನಂದ್ರಿ ಅವರಿಗೆ?" ಎಂದಳು ಶಾರದೆ. ಅವಳಿಗೂ ಹೇಳಲಿಲ್ಲ. ಅವಳು ಇದನ್ನು ನಿಮ್ಮ ಜೊತೆಗೇ ಓದುತ್ತಾಳೆ. ಆ ಹಳೆಯ ಅಂಕಣ ಸುಳ್ಳು. ಓದಿ ಮರುಗಿದವರೆಲ್ಲ ಕ್ಷಮಿಸಬೇಕು. ಕ್ಷಮಿಸಬೇಕಾದ ಕೆಂಪಯ್ಯ ಈಗ ಇಲ್ಲ. ಅವನ ಮೊಮ್ಮಕ್ಕಳು ಆ ಹೊಲದ ದಾರಿಯಲ್ಲೇ ಮನೆ ಮಾಡಿಕೊಂಡಿದ್ದಾರೆಂದು ಕೇಳಿದ್ದೇನೆ. ನೋಡಿಲ್ಲ. ಊರಿಗೆ ಹೋದಾಗಲೆಲ್ಲ ಡ್ರೈವರನಿಗೆ ಕೆರೆ ಸುತ್ತಿಕೊಂಡು ಹೋಗಲು ಹೇಳುತ್ತೇನೆ. ಹೊಲದ ದಾರಿ ಹಾಳಾಗಿದೆ ಎಂದು ಶಾರದೆಗೆ ಹೇಳಿಟ್ಟಿದ್ದೇನೆ.

ಆ ದಾರಿಗೆ ಟಾರು ಬಿದ್ದು ಎಷ್ಟೋ ವರ್ಷವಾಯಿತು.