ಕಾಕಾ ಜಗಿದ ಸಿಗಾರು

ಸಿಗಾರನ್ನು ಜಗಿಯಬಾರದು. ಇಷ್ಟು ಸರಳವಾದ ಸಂಗತಿಯನ್ನು ಪ್ರಬಂಧ ಬರೆದು ತಿಳಿಸಬೇಕಾದ ಕಾಲ ಬರುತ್ತದೆಂದು ನಾನು ಅಂದುಕೊಂಡಿರಲಿಲ್ಲ. ನೀವು ಜಗಿಯುವವರಲ್ಲ, ಗೊತ್ತು. ಆದರೂ ಹೇಳುತ್ತಿದ್ದೇನೆ, ಯಾಕೆಂದರೆ ಹೇಳಬೇಕಾದವರಿಗೆ ಹೇಳಲು ಅಂದು ನನ್ನ ಗುಜರಾತಿ ಸಾಲಲಿಲ್ಲ. ಆ ಸಿಟ್ಟು ಹಾಗೇ ಒಳಗೆ ಕೂತಿದೆ. ಈಗ ನಿಮ್ಮ ಮೇಲೆ ಬೀಳುತ್ತಿದೆ, ಸಹಿಸಿಕೊಳ್ಳಿ.

ಸಿಗಾರಿನ ಹುಚ್ಚು ನನಗೆ ಹತ್ತಿದ್ದು ಅಹಮದಾಬಾದಿನಲ್ಲಿ. ಧಾರವಾಡದಿಂದ ನೌಕರಿಗೆಂದು ಹೋಗಿ ಮಣಿನಗರದಲ್ಲಿ ಮನೆ ಮಾಡಿದ್ದೆ. ಮದ್ಯಕ್ಕೆ ನಿಷೇಧವಿರುವ ರಾಜ್ಯ ಅದು. ಗೆಳೆಯರು ಸಂಜೆ ಕೂತರೆ ಮುಂದೆ ಬರುವುದು ಚಹಾ ಮತ್ತು ಗಾಂಠಿಯಾ ಎಂಬ ಕಡಲೆಹಿಟ್ಟಿನ ಕುರುಕಲು. ಇಂಥಲ್ಲಿ ಒಬ್ಬ ಮನುಷ್ಯನಿಗೆ ಒಂದು ದುಬಾರಿ ದುರಭ್ಯಾಸ ಬೇಕೆನಿಸಿದರೆ ಅದರಲ್ಲಿ ಅವನ ತಪ್ಪೇನಿದೆ ಹೇಳಿ? ಸೂರತ್ತಿನ ಜಯೇಶಭಾಯಿ ವಜ್ರದ ವ್ಯಾಪಾರಿ. ಬೆಲ್ಜಿಯಮ್ಮಿಗೆ ಹೋದಾಗಲೆಲ್ಲ ಕ್ಯೂಬಾದ ಸಿಗಾರು ತರುತ್ತಿದ್ದ. ವಡೋದರಾದ ಪ್ರವೀಣಭಾಯಿಯ ಮನೆಗೆ ಉಯ್ಯಾಲೆ ಹಾಕಿದ ದೊಡ್ಡ ವರಾಂಡ ಇತ್ತು. ನನ್ನ ಹತ್ತಿರ ಇದ್ದದ್ದು ಅಭಿಪ್ರಾಯಗಳು ಮಾತ್ರ. ವಡೋದರಾ ನಡುವಿನ ಊರಾದ್ದರಿಂದ ತಿಂಗಳಿಗೊಂದು ಭಾನುವಾರ ಮೂವರೂ ಅಲ್ಲಿ ಸೇರುತ್ತಿದ್ದೆವು.

ನಮ್ಮದೊಂದು ಕಟ್ಟಳೆ ಇತ್ತು. ಮೂವರೂ ಒಂದೇ ಪೆಟ್ಟಿಗೆಯ ಸಿಗಾರನ್ನೇ ಸೇದಬೇಕು, ಇಲ್ಲವಾದರೆ ಹೋಲಿಸುವುದೇನನ್ನು? ಹೊಗೆಯನ್ನು ಎದೆಗೆ ಎಳೆಯುವಂತಿಲ್ಲ, ಬಾಯಲ್ಲಿ ಆಡಿಸಿ ಬಿಡಬೇಕು. ಒಂದು ಒಳ್ಳೆಯ ಸಿಗಾರಿನಲ್ಲಿ ಮೊದಲ ಭಾಗದ ರುಚಿ ಬೇರೆ, ನಡುವಿನದು ಬೇರೆ, ಕೊನೆಯದು ಬೇರೆ. ಬಲ್ಲವರಿಗೆ ಅದರಲ್ಲಿ ದೇವದಾರು, ಕಾಫಿ, ಚರ್ಮ, ಹಸಿಮಣ್ಣು ಎಲ್ಲ ಸಿಗುತ್ತದಂತೆ. ‘ಚರ್ಮದ ರುಚಿ ಬರುತ್ತಿದೆ’ ಎಂದು ನಾನೂ ಕಣ್ಣು ಮುಚ್ಚಿ ಗಂಭೀರವಾಗಿ ಹೇಳಿದ್ದುಂಟು. ಚರ್ಮವನ್ನು ಯಾವಾಗ ನೆಕ್ಕಿ ನೋಡಿದ್ದೆ ಎಂದು ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಒಮ್ಮೆ ಜಯೇಶ ಬಹಳ ಒಳ್ಳೆಯ ಮೂರು ಸಿಗಾರು ತಂದ. ಇವು ಇನ್ನಷ್ಟು ಹದಕ್ಕೆ ಬರಬೇಕು, ಸೂರತ್ತಿನ ಸಮುದ್ರದ ಗಾಳಿಗೆ ಬೂಷ್ಟು ಹಿಡಿದೀತು ಎಂದು ನನ್ನ ಕೈಗೆ ಕೊಟ್ಟ. ಅಹಮದಾಬಾದಿನ ಬೇಸಿಗೆಯೋ, ಹಪ್ಪಳವನ್ನೇ ಇನ್ನೊಮ್ಮೆ ಒಣಗಿಸುವಂಥದು. ನಾನು ಅವನ್ನು ಒಂದು ಸ್ಟೀಲಿನ ಡಬ್ಬಿಯಲ್ಲಿಟ್ಟು, ಜೊತೆಗೆ ಒದ್ದೆ ಸ್ಪಂಜು ಇಟ್ಟು, ದಿನವೂ ಮುಚ್ಚಳ ತೆಗೆದು ಮುಟ್ಟಿ ನೋಡಿ ವರ್ಷಗಟ್ಟಲೆ ಕಾಪಾಡಿದೆ. “ನಮ್ಮ ಕೂಸು ಹುಟ್ಟಿದಾಗನೂ ನೀವು ಇಷ್ಟು ಸಲ ಎದ್ದು ನೋಡಿದ್ದಿಲ್ಲ ಬಿಡ್ರಿ,” ಎಂದಳು ನನ್ನ ಹೆಂಡತಿ. ಅದು ಸುಳ್ಳಲ್ಲ.

ಆಮೇಲೆ ಜಯೇಶನಿಗೆ ಎದೆನೋವು ಬಂತು. ಡಾಕ್ಟರು ತಂಬಾಕನ್ನು ಮುಟ್ಟಲೇಕೂಡದು ಎಂದರು. ಅವನು ಫೋನ್ ಮಾಡಿ, “ಕುಲಕರ್ಣಿಭಾಯಿ, ವೋ ತೀನ್ ಹೈ ನಾ? ಲೇ ಆನಾ. ಏಕ್ ಬಾರ್ ಸಾಥ್ ಬೈಠೇಂಗೆ, ಫಿರ್ ಬಂದ್,” ಎಂದ, ಆ ಮೂರನ್ನು ತಾ, ಒಮ್ಮೆ ಜೊತೆಗೆ ಕೂತು ಆಮೇಲೆ ಬಿಟ್ಟೇಬಿಡೋಣ ಎಂದು. ಬೇಡ ಎನ್ನಬೇಕಿತ್ತು. ಬದಲಿಗೆ ತರುತ್ತೇನೆ ಎಂದೆ. ಅವನ ಕೊನೆಯ ಸಿಗಾರು ಅವನು ಇಷ್ಟಪಟ್ಟ ಹಾಗೆ ಆಗಲಿ ಎಂದುಕೊಂಡು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ರೈಲು ಹತ್ತಿದೆ. ಆಣಂದದ ಆಸುಪಾಸಿನಲ್ಲಿ ಹಳಿಯ ಎರಡೂ ಕಡೆ ತಂಬಾಕಿನ ಹೊಲಗಳು. ಅವುಗಳ ಕಡೆ ನಾನು ಸ್ವಲ್ಪ ತಾತ್ಸಾರದಿಂದಲೇ ನೋಡಿದೆನೆಂದು ಕಾಣುತ್ತದೆ.

ಅದೇ ಹೊಲಗಳ ಕಡೆಯಿಂದ ಪ್ರವೀಣನ ಕಾಕಾ ಅಂದು ವಡೋದರಾಕ್ಕೆ ಬಂದಿದ್ದರು. ಎಂಬತ್ತರ ಹತ್ತಿರದ ಹಿರಿಯರು. ಉಯ್ಯಾಲೆಯ ಮೇಲೆ ಕೂತು ಹಗಲಿಡೀ ಮಾವಾ ಉಜ್ಜುವುದೇ ಅವರ ಕೆಲಸ. ಅಡಿಕೆಯ ಚೂರು, ತಂಬಾಕು, ಸುಣ್ಣ ಮೂರನ್ನೂ ಪ್ಲಾಸ್ಟಿಕ್ ಹಾಳೆಯಲ್ಲಿಟ್ಟು ತಿಕ್ಕಿ ತಿಕ್ಕಿ ಬಾಯಿಗೆಸೆದುಕೊಳ್ಳುವುದು. ಡಬ್ಬಿಯನ್ನು ವರಾಂಡದಲ್ಲಿಟ್ಟು ನಾವು ಊಟಕ್ಕೆ ಒಳಗೆ ಹೋದೆವು. ಶ್ರೀಖಂಡ ಇತ್ತು, ತಡವಾಯಿತು.

ಹೊರಗೆ ಬಂದಾಗ ಡಬ್ಬಿಯ ಮುಚ್ಚಳ ತೆಗೆದಿತ್ತು. ಕಾಕಾನ ಮುಂದೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಅಡಿಕೆ ಮತ್ತು ಸುಣ್ಣದ ಜೊತೆ ಕಂದುಬಣ್ಣದ ಪುಡಿ. ಎರಡು ಸಿಗಾರು ಮುಗಿದಿದ್ದವು. ಮೂರನೆಯದು ಅವರ ಕೈಯಲ್ಲಿತ್ತು. ಮನೆಗೆ ಬಂದವರಿಗೆ ಊಟವಾದ ಮೇಲೆ ಹಿರಿಯರು ತಮ್ಮ ಕೈಯಾರೆ ಮಾವಾ ಉಜ್ಜಿ ಕೊಡುವುದು ಅವರ ಕಡೆಯ ಪ್ರೀತಿ. ಅತಿಥಿಗಳು ತಂಬಾಕು ತಂದಿದ್ದಾರೆ, ಪಾಪ, ಉಜ್ಜುವ ಶ್ರಮ ಅವರಿಗೇಕೆ ಎಂದುಕೊಂಡಿದ್ದರು. ಅಂಗೈ ಚಾಚಿ, “ಲ್ಯೋ ಭಾಯಿ,” ಎಂದರು. ತಾವೂ ಜಗಿಯುತ್ತ, “ಸಾರಿ ಛೇ, ಪಣ್ ಮೋಳಿ ಛೇ,” ಎಂದು ತೀರ್ಪು ಕೊಟ್ಟರು. ಚೆನ್ನಾಗಿದೆ, ಆದರೆ ಸಪ್ಪೆ!

ಸಪ್ಪೆಯಂತೆ! ನನ್ನ ಮೈಯೆಲ್ಲ ಉರಿದುಹೋಯಿತು. ಮೂರನೆಯದನ್ನು ಅವರ ಕೈಯಿಂದ ಕಿತ್ತುಕೊಂಡು ಜಯೇಶನಿಗೆ ಕೊಟ್ಟೆ. ಅವನು ನೋಡಿದ, ನಕ್ಕ, ಮೂರು ಪಾಲು ಮಾಡೋಣ ಎಂದ. ಎಂಜಲೆಂದರೆ ಮಾರು ದೂರ ಹಾರುವವನು ನಾನಾದ್ದರಿಂದ ಮೊದಲ ಭಾಗ ನನಗೆ, ನಡುವಿನದು ಪ್ರವೀಣನಿಗೆ, ಕೊನೆಯದು ತನಗೆ. ಮೂವರಿಗೂ ಬೇರೆ ಬೇರೆ ರುಚಿ ಸಿಕ್ಕಿತು. ನಾನು ದೇವದಾರು ಎಂದರೆ ಪ್ರವೀಣ ಕಾಫಿ ಎಂದ. ನಮ್ಮ ಕಟ್ಟಳೆ ಮುರಿದುಬಿದ್ದಿತ್ತು, ಆದರೂ ಸಂಜೆಯವರೆಗೆ ಜಗಳವಾಡಿದೆವು. ಜಯೇಶ ಮಾತ್ರ ತನ್ನ ಪಾಲನ್ನು ನಿಧಾನವಾಗಿ ಸೇದಿದ. ಬೆರಳು ಸುಡುವವರೆಗೆ ಹಿಡಿದಿದ್ದು, ಆಮೇಲೆ ತುಂಡನ್ನು ತಟ್ಟೆಯ ಮೇಲಿಟ್ಟ. ಸಿಗಾರನ್ನು ಹೊಸಕಿ ಆರಿಸಬಾರದು, ತಾನಾಗಿ ಆರಲು ಬಿಡಬೇಕು. ಮೂವರೂ ಅದನ್ನೇ ನೋಡುತ್ತ ಕೂತೆವು. ನನಗೆ ಅಳು ಬರುವಂತಾಗಿತ್ತು.

ಆಗ ಉಯ್ಯಾಲೆಯ ಕಡೆಯಿಂದ ಒಂದು ಕೈ ಬಂತು. “ಆಟ್ಲು ಬಧು ಬಗಾಡ್‌ವಾನು?” ಎಂದರು ಕಾಕಾ, ಇಷ್ಟೊಂದನ್ನು ಹಾಳು ಮಾಡುವುದೇ ಎಂದು.

“ಏ ಕಾಕಾ! ಮುಟ್ಟಬ್ಯಾಡ್ರಿ ಅದನ್ನ! ಕೈ ತಗೀರಿ ಮೊದ್ಲ!”

ಅಚ್ಚ ಧಾರವಾಡದ ಕನ್ನಡ. ಇಡೀ ವಡೋದರಾಕ್ಕೆ ಅರ್ಥವಾಗಿರಬೇಕು. ಕೈ ಹಿಂದೆ ಹೋಯಿತು. ಜಯೇಶ ನನ್ನ ಮುಖ ನೋಡಿದವನೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದ, ಕಣ್ಣಲ್ಲಿ ನೀರು ಬರುವ ತನಕ ನಕ್ಕ.

ಕಾಕಾ ಇಂದಿಗೂ ಗಟ್ಟಿಮುಟ್ಟಾಗಿದ್ದಾರಂತೆ, ಹಗಲಿಡೀ ಜಗಿಯುತ್ತಾರಂತೆ. ತಿಂಗಳಿಗೊಂದು ಸೇದುತ್ತಿದ್ದವನ ಎದೆ ಕೈಕೊಟ್ಟಿತು, ಇವರಿಗೆ ಒಂದು ಹಲ್ಲೂ ಅಲುಗಾಡಿಲ್ಲ. ಇದೆಂಥ ನ್ಯಾಯ ಎಂದು ಯಾರನ್ನು ಕೇಳಲಿ? ನಾನೂ ಸಿಗಾರು ಬಿಟ್ಟೆ. ಡಬ್ಬಿ ಖಾಲಿ, ಸ್ಪಂಜು ಒಣಗಿದೆ. ಭಾನುವಾರ ಮಾತ್ರ ಸೂರತ್ತಿನಿಂದ ಫೋನು ಬರುತ್ತದೆ. “ಗುಸ್ಸಾ ಹೈ ಯಾ ಗಯಾ?” ಎಂದು ಕೇಳುತ್ತಾನೆ ಜಯೇಶ, ಸಿಟ್ಟು ಇದೆಯೋ ಹೋಯಿತೋ ಎಂದು. ನಾನು ಪ್ಲಾಸ್ಟಿಕ್ ಹಾಳೆಯಿಂದ ಶುರುಮಾಡಿ ಕಥೆಯನ್ನೆಲ್ಲ ಮತ್ತೆ ಹೇಳುತ್ತೇನೆ. ‘ಮೋಳಿ ಛೇ’ ಬರುವಷ್ಟರಲ್ಲಿ ನನಗೆ ನಿಜವಾಗಿಯೂ ಸಿಟ್ಟು ನೆತ್ತಿಗೇರಿರುತ್ತದೆ, ಆ ಕಡೆಯಿಂದ ನಗು ಕೇಳತೊಡಗುತ್ತದೆ. ಅದಕ್ಕೆ ಡಾಕ್ಟರು ತಡೆ ಹಾಕಿಲ್ಲ. ಆದ್ದರಿಂದ ಕಾಕಾನನ್ನು ಕ್ಷಮಿಸುವ ಯೋಚನೆ ನನಗೆ ಸದ್ಯಕ್ಕಿಲ್ಲ.