ಹೆಂಡ ಬಗ್ಗಿಸುವವನ ಪ್ರಶ್ನೆ

ಯಳಂದೂರಿನ ಹಳೇ ಹೆಂಡದಂಗಡಿಯಲ್ಲಿ ಹೆಂಡ ಬಗ್ಗಿಸಿಕೊಡುತ್ತಿದ್ದವನು ಗಿರಾಕಿಯ ಮುಖ ನೋಡುತ್ತಿರಲಿಲ್ಲ, ಕಾಲು ನೋಡುತ್ತಿದ್ದ. ಆಮೇಲೆ, "ಯಾವೂರ್ಗ್ ಓಗ್ಬೇಕು?" ಎಂದು ಕೇಳುತ್ತಿದ್ದ. ಉತ್ತರ ಬಂದ ಮೇಲೆ ಬೆನ್ನು ತಿರುಗಿಸಿ ಲೋಟ ತುಂಬಿಸಿ, ಅದರ ಅಂಚನ್ನು ಹೆಬ್ಬೆರಳಿನಿಂದ ಒರೆಸಿ ಕೊಡುತ್ತಿದ್ದ. ಅಪ್ಪನನ್ನು ಕರೆತರಲು ಹೋದಾಗಲೆಲ್ಲ ನೋಡಿದ್ದೇನೆ. ದಿನಾ ಮಾಂಬಳ್ಳಿಯಿಂದ ಬರುತ್ತಿದ್ದ ಅಪ್ಪನನ್ನೂ ಅವನು ದಿನಾ ಕೇಳುತ್ತಿದ್ದ. ಪಾಪ, ಮರೆವಿನವನು ಎಂದು ಅಪ್ಪ ನಗುತ್ತಿದ್ದ.

ಸರ್ಕಾರ ಹೆಂಡ ನಿಲ್ಲಿಸಿತು. ಅಂಗಡಿ ಈಗ ಸಿಮೆಂಟ್ ಗೋಡೌನ್. ಅಪ್ಪನಿಗೆ ಉಳಿದದ್ದು ಒಂದೇ ಹೆಮ್ಮೆ: ಆರು ಲೋಟ ಕುಡಿದರೂ ಒಂದು ಹೆಜ್ಜೆ ತಪ್ಪದೆ ಊರು ಸೇರುತ್ತಿದ್ದೆ ಎಂಬುದು. ಮದುವೆ ಮನೆಯಾಗಲಿ, ತಿಥಿ ಮನೆಯಾಗಲಿ, ಅದನ್ನು ಹೇಳದೆ ಅವನು ಎಲೆ ಬಿಟ್ಟು ಏಳುವುದಿಲ್ಲ.

ಹೋದ ತಿಂಗಳು ಆ ಬಗ್ಗಿಸುವವನು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ಊರು ಯಾಕೆ ಕೇಳುತ್ತಿದ್ದೆ ಎಂದೆ.

"ದೂರದೋರ್ಗೆ ನೀರ್ ಜಾಸ್ತಿ ಬೆರೆಸ್ತಿದ್ದೆ ಸಾ. ನಡ್ಕಂಡ್ ಓಗ್ಬೇಕಲ್ಲ."

"ನಮ್ಮಪ್ಪನಿಗೆ?"

ಅವನು ನನ್ನ ಕಾಲು ನೋಡಿದ. "ಮಾಂಬಳ್ಳಿ ದಾರೀಲಿ ಕಾಲ್ವೆ ಅದಲ್ಲ ಸಾ. ನಿಮ್ಮಪ್ಪಂಗೆ ಮೂರ್ನೇ ಲೋಟದಿಂದ ನೀರೇಯ. ಬಣ್ಣಕ್ಕೆ ವಸಿ ಎಂಡ."

ಅಪ್ಪನಿಗೆಂದು ಕೊಂಡ ಬಿಯರ್ ನನ್ನ ಚೀಲದಲ್ಲಿತ್ತು. ಸಂಜೆ ಮನೆಯಲ್ಲಿ ಅಪ್ಪ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ.

"ಇದೇನ್ಲಾ, ಬರೀ ನೀರು! ಆಗಿನ ಎಂಡ ಎಂಗಿತ್ತು ಗೊತ್ತಾ ನಿಂಗೆ?"

"ಗೊತ್ತಿಲ್ಲ ಕಣಪ್ಪ" ಎಂದೆ.