ಸಲೋಮಕ್ಕನಿಗೆ ಕಳಿಸಿದ ಕೆಂಡ

ಸುಗುಣಾ, ಜಯಶೀಲಾ, ಪುಟ್ಟ ಸಮುವೇಲಾ, ಈ ಹಾಳೆಗಳು ನಿಮಗಾಗಿ. ನಾಲ್ಕು ಜನರ ಮುಂದೆ ಬಾಯಿ ಬಿಡಲಾರದ ನಿಮ್ಮ ಅಜ್ಜಿ ಕಾಗದ ಸಿಕ್ಕರೆ ಇಷ್ಟು ವಾಚಾಳಿಯಾಗುತ್ತಾಳೆಂದು ನನಗೇ ಗೊತ್ತಿರಲಿಲ್ಲ. ನಾನು ಓದಿದ್ದು ನಮ್ಮೂರ ಶಾಲೆಯ ನಾಲ್ಕನೇ ತರಗತಿವರೆಗೆ. ಒತ್ತಕ್ಷರ ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ಇವತ್ತು ಬೆಳಿಗ್ಗೆ ನಿಮ್ಮಮ್ಮ ಪಕ್ಕದ ಮನೆಯವರ ಡಬ್ಬಿಯನ್ನು ತೊಳೆದು ಒರೆಸಿ, ಬರಿದಾಗಿಯೇ ವಾಪಸು ಕೊಡಲು ಹೊರಟಳು. ನಾನು ಮೊಣಕಾಲು ನೋವು ಮರೆತು ಎದ್ದು ಓಡಿದೆ. "ಬರೀ ಡಬ್ಬಿ ಕೊಡ್ತಾರೇನೇ? ಒಂದು ಹಿಡಿ ಕಡ್ಲೆಕಾಯಾದ್ರೂ ಹಾಕು" ಎಂದೆ. ಅವಳು ನಕ್ಕಳು. ನಾನೂ ನಕ್ಕೆ. ಅವಳ ನಗು ನಿಂತರೂ ನನ್ನದು ನಿಲ್ಲಲಿಲ್ಲ, ಸಲೋಮಕ್ಕ ನೆನಪಾಗಿದ್ದಳು.

ಅದು ಮಹಾರಾಜರ ಕಾಲ. ನಾನು ಮದುವೆಯಾಗಿ ಕೊಳಾಲದ ಹತ್ತಿರದ ಹಳ್ಳಿಗೆ ಬಂದು ಮೂರು ವರ್ಷವಾಗಿತ್ತು. ನಿಮ್ಮ ತಾತ ಅಲ್ಲಿನ ಚಿಕ್ಕ ಕ್ರೈಸ್ತ ಸಭೆಗೆ ಉಪದೇಶಿಗಳು. ಭಾನುವಾರ ಪ್ರಾರ್ಥನೆ ನಡೆಸುತ್ತಿದ್ದರು, ಉಳಿದ ದಿನ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು. ಸಭೆಯ ಹೆಂಗಸರು ಒಲೆ ಹಚ್ಚುವ ಮುಂಚೆ ಒಂದು ಹಿಡಿ ರಾಗಿಯನ್ನು ದೇವರಿಗೆಂದು ತೆಗೆದಿಡುವುದು ರೂಢಿ. ವಾರಕ್ಕೊಮ್ಮೆ ಅದೆಲ್ಲ ನಮ್ಮ ಮನೆಯ ಮೂಲೆಯಲ್ಲಿದ್ದ ದೊಡ್ಡ ಮಣ್ಣಿನ ಗುಡಾಣಕ್ಕೆ ಬಂದು ಬೀಳುತ್ತಿತ್ತು. ಕಾಯಿಲೆಯವರಿಗೂ ದಿಕ್ಕಿಲ್ಲದವರಿಗೂ ಕೊಡುವ ರಾಗಿ ಅದು.

ಎದುರು ಮನೆಯವಳೇ ಸಲೋಮಕ್ಕ, ಸಂಬಂಧದಲ್ಲಿ ನನಗೆ ಓರಗಿತ್ತಿ. ಅವಳು ಬಾವಿಕಟ್ಟೆಯಲ್ಲಿ ಪಿಸುಗುಟ್ಟಿದರೆ ಹೊಲದಲ್ಲಿದ್ದ ಎತ್ತು ತಿರುಗಿ ನೋಡುತ್ತಿತ್ತು. ಒಂದು ದಿನ ಹಾಗೆಯೇ ಪಿಸುಗುಟ್ಟಿದಳು: "ಉಪದೇಶಿ ಹೆಂಡ್ತಿ ದೇವರ ರಾಗೀಲಿ ದ್ವಾಸೆ ಉಯ್ಕಂಡು ತಿಂತಾಳೆ ಕಣ್ರೇ!"

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ನಾನು ನೀರಿಗೆ ಹೋಗುವುದನ್ನೇ ಬಿಟ್ಟೆ.

ಮೂರು ತಿಂಗಳಿಗೊಮ್ಮೆ ಮಧುಗಿರಿಯಿಂದ ಪಾದ್ರಿ ಅಯ್ಯನವರು ಗಾಡಿಯಲ್ಲಿ ಬಂದು, ಮೇಜಿನ ಮೇಲೆ ರೊಟ್ಟಿ, ದ್ರಾಕ್ಷಾರಸ ಇಟ್ಟು ಕರ್ತನ ಭೋಜನ ಕೊಡುತ್ತಿದ್ದರು. ಯಾರ ಮೇಲಾದರೂ ಸಿಟ್ಟಿಟ್ಟುಕೊಂಡವರು ಆ ಮೇಜಿನ ಹತ್ತಿರ ಹೋಗಬಾರದೆಂದು ನಮ್ಮ ಕಟ್ಟಳೆ. ಆ ಸಲ ನಾನು ಹೋಗಲಿಲ್ಲ. ಉಪದೇಶಿಯ ಹೆಂಡತಿಯೇ ಕೂತಲ್ಲೇ ಕೂತರೆ ಜನ ಏನು ತಿಳಿಯುತ್ತಾರೆ? ರಾಗಿ ಕದ್ದದ್ದು ನಿಜವೆಂದೇ ತಿಳಿದರು. ತಾತ ಮನೆಗೆ ಬಂದು ಮೆಲ್ಲಗೆ, "ಮುಂದಿನ ಸಲವೂ ನೀನು ಹಿಂಗೇ ಕೂತರೆ ನಾನು ಈ ಕೆಲಸ ಬಿಡಬೇಕಾಗುತ್ತೆ ಕಣೇ" ಎಂದರು.

ಸರಿ, ಕ್ಷಮಿಸಿಯೇ ಬಿಡೋಣವೆಂದು ತಲೆ ಬಾಚಿ, ಒಗೆದ ಸೀರೆ ಉಟ್ಟು, ಎದುರು ಮನೆಯ ಬಾಗಿಲಲ್ಲಿ ನಿಂತೆ. "ಸಲೋಮಕ್ಕ, ನಾನು ನಿನ್ನ ಕ್ಷಮಿಸಿದ್ದೀನಿ" ಎಂದೆ.

"ನನ್ನ ಕ್ಷಮ್ಸಾಕೆ ನೀನ್ಯಾವ ಅಮಲ್ದಾರನ ಹೆಂಡ್ತಿಯೇ?" ಎಂದು ಅವಳು ಬಾಗಿಲು ಹಾಕಿಕೊಂಡಳು. ಹೋಗುವಾಗ ಇದ್ದ ಸಿಟ್ಟು ಬರುವಾಗ ಎರಡರಷ್ಟಾಗಿತ್ತು.

ನನ್ನ ಅತ್ತೆ ಮಾರ್ತಮ್ಮ ಎಲೆಯಡಿಕೆ ಜಗಿಯುತ್ತ ಇದನ್ನೆಲ್ಲ ನೋಡಿದರು. "ಅಂಗೆ ಬಾಯಾಗೆ ಹೇಳಿದ್ರೆ ಆಗಾಕಿಲ್ಲ ಕಣವ್ವ. ವೈರಿ ಹಸ್ದಿದ್ರೆ ಉಣ್ಣಾಕಿಕ್ಕು ಅಂತ ದೇವರ ವಾಕ್ಯದಾಗೈತೆ. ಅಂಗ್ಮಾಡಿದ್ರೆ ಅವಳ ತಲೆ ಮ್ಯಾಲೆ ಕೆಂಡ ಸುರ್ದಂಗೆ" ಎಂದರು.

"ನಿಜವಾಗ್ಲೂ ಕೆಂಡಾನಾ ಅತ್ತೆ?" ಎಂದೆ. ಸ್ವಾಮಿ, ನನ್ನ ದನಿಯಲ್ಲಿ ಅದೆಷ್ಟು ಆಸೆ ಇತ್ತೋ!

ಮಾರನೆಯ ದಿನವೇ ಹುರುಳಿ ಬಸ್ಸಾರು ಮಾಡಿ ಒಂದು ಚೊಂಬು ಕಳಿಸಿದೆ. ಬಾಗಿಲ ಸಂದಿಯಿಂದ ಅವಳ ತಲೆಯನ್ನೇ ನೋಡುತ್ತ ನಿಂತೆ. ಏನೂ ಆಗಲಿಲ್ಲ. ಸಂಜೆ ಚೊಂಬು ವಾಪಸು ಬಂತು, ಅದರ ತುಂಬ ಕಡಲೆಕಾಯಿ ಉಂಡೆ! ಬರೀ ಪಾತ್ರೆ ಹಿಂದಿರುಗಿಸುವವಳಲ್ಲ ಸಲೋಮಕ್ಕ. ಈಗ ಅವಳ ಉಂಡೆ ತಿಂದು ನಾನು ಸುಮ್ಮನಿರುವುದುಂಟೇ? ಕಜ್ಜಾಯ ಮಾಡಿ ಕಳಿಸಿದೆ. ಆ ಕಡೆಯಿಂದ ಹಿದುಕಿದ ಅವರೆಬೇಳೆ ಸಾರು ಬಂತು. ನಾನು ಒಬ್ಬಟ್ಟು ತಟ್ಟಿದೆ. ಅವಳು ಹುಂಜ ಕೊಯ್ದಳು. ನಾನೂ ಕೊಯ್ಯಲು ಹೊರಟಾಗ ಅತ್ತೆ ಅಡ್ಡ ನಿಂತರು: "ಅದು ಮೊಟ್ಟೆ ಇಡೋ ಕೋಳಿ ಕಣೇ! ಕ್ಷಮಿಸಿದ್ದು ಸಾಕು, ಇಂಗೇ ಕ್ಷಮಿಸ್ತಾ ಹೋದ್ರೆ ಹಿತ್ಲಾಗೆ ಒಂದು ಪುಕ್ಕಾನೂ ಉಳಿಯಾಕಿಲ್ಲ!"

ನಿಮ್ಮ ತಾತನ ಕೆನ್ನೆ ತುಂಬಿಕೊಂಡಿತು. ಒಂದು ಸಂಜೆ ಊಟದ ಪ್ರಾರ್ಥನೆಯಲ್ಲಿ, ಹೆಂಗಸರ ಈ ಮನಸ್ತಾಪವನ್ನು ನಿನಗೆ ಇಷ್ಟವಾದ ಹೊತ್ತಿಗೆ ಬಗೆಹರಿಸು ಸ್ವಾಮಿ, ಅವಸರವೇನಿಲ್ಲ, ಎಂದರು.

ಆದರೆ ಅಯ್ಯನವರು ಬರುವ ದಿನ ಹತ್ತಿರ ಬಂದೇ ಬಿಟ್ಟಿತು. ಹಿಂದಿನ ದಿನ ಶನಿವಾರ ಮಧ್ಯಾಹ್ನ, ಇನ್ನು ತಡೆಯಲಾರದೆ, ಮುಚ್ಚಿದ ಪಾತ್ರೆಯನ್ನು ನಾನೇ ಹೊತ್ತು ಹೊರಟೆ. ಓಣಿಯ ನಡುವೆ ಎದುರಿಗೆ ಸಲೋಮಕ್ಕ ಬಂದಳು. ಅವಳ ಕೈಯಲ್ಲೂ ಮುಚ್ಚಿದ ಪಾತ್ರೆ.

"ಎತ್ಲಾಗೆ ಹೊಂಟೆ?" ಎಂದಳು.

"ನಿಮ್ಮನೆಗೇ."

"ನಾನೂ ನಿಮ್ಮನೆಗೇಯ. ಏನೈತೆ ಅದ್ರಾಗೆ?"

ಅವಳಿಗೆ ಕಳಿಸುವ ತಿನಿಸಿಗೆ ಮನೆಯಲ್ಲಿ ನಾವು ಇಟ್ಟುಕೊಂಡಿದ್ದ ಹೆಸರೇ ನಾಲಿಗೆಗೆ ಬಂತು. "ಕೆಂಡ" ಎಂದುಬಿಟ್ಟೆ.

ಅವಳ ಕಣ್ಣು ಇಷ್ಟಗಲವಾಯಿತು. "ಅಯ್ಯೋ ನಿನ್ನ! ನಂದ್ರಾಗೂ ಅದೇ ಕಣೇ!"

ಇಬ್ಬರೂ ನಗತೊಡಗಿದೆವು. ಒಬ್ಬರ ಪಾತ್ರೆ ಒಬ್ಬರು ಇಸಿದುಕೊಳ್ಳಲು ಕೈ ಬಿಡುವಿಲ್ಲ. ನಕ್ಕು ನಕ್ಕು ಅವಳ ಮನೆ ಜಗುಲಿಯ ಮೇಲೆ ಕುಸಿದು ಕೂತೆವು. ನಗು ನಿಲ್ಲುವ ಹೊತ್ತಿಗೆ ನನಗೆ ಅಳು ಬಂತು. ಯಾಕೆಂದರೆ ಮಕ್ಕಳೇ, ನಿಮಗೊಂದು ಮಾತು ಹೇಳದೆ ಉಳಿಸಿಕೊಂಡಿದ್ದೇನೆ.

"ಸಲೋಮಕ್ಕ, ನಾನು ರಾಗಿ ತೆಗೆದದ್ದು ನಿಜ" ಎಂದೆ. ಅಯ್ಯನವರು ಒಮ್ಮೆ ಹೇಳದೆ ಕೇಳದೆ ಬಂದಿದ್ದರು. ಮನೆಯಲ್ಲಿ ಹಿಟ್ಟಿರಲಿಲ್ಲ. ದೇವರ ಗುಡಾಣದಿಂದ ಎರಡು ಸೇರು ತೆಗೆದು ಬೀಸಿ ಮುದ್ದೆ ಮಾಡಿ ಬಡಿಸಿದೆ. ಆಮೇಲೆ ತಿರುಗಿ ಹಾಕಿದ್ದು ಒಂದೇ ಸೇರು. ತಾತನಿಗೂ ಹೇಳಿರಲಿಲ್ಲ.

"ಗೊತ್ತು ಕಣೇ, ಕಂಡಿದ್ದೆ" ಎಂದಳು. ಅವಳ ದನಿ ಮೊದಲ ಸಲ ನಿಜವಾಗಿಯೂ ಸಣ್ಣದಾಯಿತು. "ದ್ವಾಸೆ ಅಂದಿದ್ದು ನಾನು ಕಟ್ಟಿದ್ದು. ಎದುರ್ಮನ್ಯಾಗೆ ನಾನಿದ್ದೀನಿ. ಸಲೋಮಕ್ಕ ಎರಡು ಸೇರು ರಾಗಿ ಕೊಡೇ ಅಂತ ನನ್ನ ಕೇಳಾಕೆ ನಿಂಗೇನಾಗಿತ್ತು? ನಾನಷ್ಟು ಬ್ಯಾರೆಯವಳಾ? ಅದ್ಕೇ ಉರೀತು ನಂಗೆ."

ಮಾರನೆಯ ದಿನ ಅಯ್ಯನವರು ಮೇಜಿನ ಮುಂದೆ ನಿಂತು, ಯಾರ ಮನಸ್ಸಿನಲ್ಲಾದರೂ ಏನಾದರೂ ಇದೆಯೇ ಎಂದು ಕೇಳಿದರು. ನಾನು ಎದ್ದು ನಿಂತೆ. ಹುಟ್ಟಿದ ಮೇಲೆ ನಾಲ್ಕು ಜನರ ಮುಂದೆ ಮಾತಾಡಿದವಳಲ್ಲ. ಎರಡು ಸೇರಿನ ಕತೆಯನ್ನು ಹೇಳಿಬಿಟ್ಟೆ. ತಾತನ ಮುಖ ಸುಣ್ಣವಾಯಿತು. ಇಡೀ ಸಭೆ ಅಯ್ಯನವರನ್ನೇ ನೋಡಿತು.

ಅವರು ಗಡ್ಡ ನೀವಿಕೊಂಡರು. "ಅಂದರೆ ಆ ಮುದ್ದೆ ತಿಂದವನು ನಾನು. ಇನ್ನೊಂದು ಹಾಕಮ್ಮ ಎಂದು ಕೇಳಿ ಹಾಕಿಸಿಕೊಂಡವನೂ ನಾನೇ" ಎಂದರು.

ಹೆಂಗಸರ ಸಾಲಿನಿಂದ ಸಲೋಮಕ್ಕನ ಗಂಟಲು ಮೊಳಗಿತು: "ಅಯ್ಯನೋರೇ, ದ್ವಾಸೆ ಅಂತ ಹಬ್ಸಿದ್ದು ನಾನು! ಸುಳ್ಳು ಅದು! ಬರೀ ಮುದ್ದೆ!"

ಮೊದಲು ನಕ್ಕವರು ಅಯ್ಯನವರೇ. ಆಮೇಲೆ ಸಭೆಯೇ ನಕ್ಕಿತು, ನಿಮ್ಮ ತಾತನೂ ನಕ್ಕರು. ಸಲೋಮಕ್ಕನೂ ನಾನೂ ಮೇಜಿನ ಮುಂದೆ ಪಕ್ಕಪಕ್ಕದಲ್ಲಿ ಮೊಣಕಾಲೂರಿದೆವು. ಎಲ್ಲಿ ಮತ್ತೆ ನಗು ಬಂದೀತೋ ಎಂದು ಅವಳು ನನ್ನ ತೋಳನ್ನು ಚಿವುಟಿ ಹಿಡಿದಿದ್ದಳು. ಸೋಮವಾರ ಆ ಇನ್ನೊಂದು ಸೇರು ಗುಡಾಣ ಸೇರಿತು.

ಕ್ಷಮಿಸು ಎಂದು ಅವಳು ಸಾಯುವವರೆಗೂ ನನ್ನನ್ನು ಕೇಳಲಿಲ್ಲ, ನಾನೂ ಕೇಳಲಿಲ್ಲ. ಇಷ್ಟು ವರ್ಷ ಇದನ್ನು, ನಾನು ಸಲೋಮಕ್ಕನನ್ನು ಕ್ಷಮಿಸಿದ ಕತೆ ಎಂದೇ ನೆನೆಸಿಕೊಳ್ಳುತ್ತಿದ್ದೆ. ಇವತ್ತು ಬರೆಯುತ್ತ ಕೂತಾಗ ಲೇಖನಿ ತಡೆಯಿತು. ನಾನು ರಾಗಿ ತೆಗೆದದ್ದನ್ನು ಕಣ್ಣಾರೆ ಕಂಡವಳು ನನಗೆ ಉಂಡೆ ಕಟ್ಟಿ ಕಳಿಸಿದ್ದಳು. ಹಾಗಾದರೆ ಮೊದಲು ಕ್ಷಮಿಸಿದವರು ಯಾರು? ಈ ವಯಸ್ಸಿನಲ್ಲಿ ನಾನು ಒಬ್ಬಳೇ ಕೂತು ಹೀಗೆ ನಗುವಂತೆ ಮಾಡಿದಳಲ್ಲ!

ಈ ಹಾಳೆಗಳನ್ನು ನನ್ನ ಸೀರೆ ಪೆಟ್ಟಿಗೆಯಲ್ಲಿ, ಹುಳು ಹಿಡಿಯದಂತೆ ಬೇವಿನ ಎಲೆ ಹಾಕಿ ಜೋಪಾನವಾಗಿಡಿ. ಸಲೋಮಕ್ಕನ ಮೊಮ್ಮಕ್ಕಳು ಬಂದಾಗ ಅವರಿಗೂ ತೋರಿಸಿ. ಅವರಜ್ಜಿ ಇದನ್ನು ಬೇರೆ ಥರವೇ ಹೇಳಿರುತ್ತಾಳೆ. ಅದನ್ನೂ ಬರೆಸಿಕೊಂಡು ಇದರ ಜೊತೆಗೇ ಕಟ್ಟಿಡಿ. ಎರಡರಲ್ಲಿ ಯಾವುದು ಸರಿ ಎಂದು ನಿಮ್ಮಲ್ಲಿ ಜಗಳ ಬಂದರೆ, ಅವಳದ್ದೇ ಸರಿ ಎನ್ನಿ.